ಮಡಚಿದರೂ ಬಿರಿಯದ ಹಾಳೆ

ಕಲಬುರಗಿ ಜಿಲ್ಲೆಯ ರಾವೂರ ಸುತ್ತಿನ ಯಾವುದಾದರೂ ಕಲ್ಲಿನ ಖಣಿಯಲ್ಲಿ ಅರ್ಧ ತಾಸು ನಿಂತರೆ ಸಾಕು, ಕೆಲಸದ ಗುಟ್ಟು ಕಣ್ಣಿಗೆ ಬೀಳುತ್ತದೆ. ಕೆಲಸಗಾರ ಮೊದಲು ಬಂಡೆಯ ಬದಿಯನ್ನು ದಿಟ್ಟಿಸುತ್ತಾನೆ. ಪದರು ಎಲ್ಲಿ ಬಿಡುತ್ತದೆಂದು ಗುರುತಿಸಿ ಅಲ್ಲಿಗೇ ಉಳಿ ಹಚ್ಚುತ್ತಾನೆ. ನಾಲ್ಕು ಏಟು ಬಿದ್ದರೆ ಪರ್ಸಿ ಕಲ್ಲು ಹಲಗೆಯಂತೆ ಮೇಲೇಳುತ್ತದೆ. ಅದೇ ಕಲ್ಲಿಗೆ ಪದರು ನೋಡದೆ ಹೊಡೆದರೆ ಚೂರುಗಳಷ್ಟೇ ಉಳಿಯುತ್ತವೆ. ಭೂವಿಜ್ಞಾನಿಗಳು ಈ ಸುಣ್ಣಕಲ್ಲಿನ ಸ್ತರಕ್ಕೆ ಹತ್ತಿರದ ಶಹಾಬಾದ್ ಪಟ್ಟಣದ ಹೆಸರನ್ನೇ ಇಟ್ಟು ಭೀಮಾ ಸಮೂಹದಲ್ಲಿ ಸೇರಿಸಿದ್ದಾರೆ. ವಾಡಿ, ಚಿತ್ತಾಪುರ, ಸೇಡಂ ಕಡೆಯ ಮನೆಗಳ ನೆಲದಲ್ಲಿ ಹಾಸಿಕೊಂಡಿರುವುದೂ ಇದೇ ಕಲ್ಲು.

ಕಾಗದಕ್ಕೂ ಹೀಗೆಯೇ ಒಳಗೊಂದು ಎಳೆ ಇರುತ್ತದೆ. ಮನೆಯಲ್ಲಿ ಶುಭಾಶಯ ಪತ್ರ ಮಾಡಲು ಕೂತವರು ಹಾಳೆಯ ಬಿಳುಪು ನೋಡುತ್ತಾರೆ, ಹೊಳಪು ನೋಡುತ್ತಾರೆ, ದಪ್ಪ ಮುಟ್ಟಿ ನೋಡುತ್ತಾರೆ. ಎಳೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಚೆಂದದ ಚಿತ್ರ ಮುದ್ರಿಸಿ, ಮಧ್ಯಕ್ಕೆ ಮಡಚಿದ ಕೂಡಲೇ ಬೆನ್ನಿನ ಮೇಲೆ ಬಿಳಿ ಬಿರುಕು ಮೂಡುತ್ತದೆ.

ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: “ಅಣ್ಣಾರ, ಕಾರ್ಡ್ ಮಾಡ್ಲಿಕ್ಕ ದಪ್ಪ ಹಾಳಿ ಅದ ಏನ್ರಿ?” “ಎಷ್ಟು ಜಿಎಸ್‌ಎಂ ಬೇಕ್ರಿ ಅಕ್ಕಾರ?” ಈ ಪ್ರಶ್ನೆಗೆ ಉತ್ತರ ಸಿದ್ಧವಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. ಎ4 ಹಾಳೆ ಚದರ ಮೀಟರ್‌ನ ಹದಿನಾರನೇ ಒಂದು ಪಾಲು. ಆದ್ದರಿಂದ ಲೆಕ್ಕ ಸುಲಭ: ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಹಾಳೆ 5 ಗ್ರಾಂ ತೂಗುತ್ತದೆ, 250ರದ್ದು ಹದಿನೈದೂವರೆ ಗ್ರಾಂ ದಾಟುತ್ತದೆ, 300ರದ್ದು ಹತ್ತೊಂಬತ್ತಕ್ಕೆ ಹತ್ತಿರ. ಮಡಚಿ ನಿಲ್ಲಿಸಬೇಕಾದ ಕಾರ್ಡಿಗೆ 200ಕ್ಕಿಂತ ಕಡಿಮೆಯದು ಸೊಂಟ ಬಗ್ಗಿಸುತ್ತದೆ. 300 ದಾಟಿದರೆ ಮನೆಯ ಪ್ರಿಂಟರ್ ಒಪ್ಪುವುದು ಕಷ್ಟ. ಹೀಗಾಗಿ ಆಯ್ಕೆಯ ಕಣ 220ರಿಂದ 250ರ ನಡುವೆಯೇ ಇದೆ.

ಆದರೆ ತೂಕವೊಂದೇ ಗಟ್ಟಿತನವನ್ನು ಹೇಳುವುದಿಲ್ಲ. ಒಂದೇ ಜಿಎಸ್‌ಎಂನ ಎರಡು ಹಾಳೆಗಳನ್ನು ಪಕ್ಕದಲ್ಲಿ ಹಿಡಿದು ನೋಡಬೇಕು. ಮೇಲೆ ಲೇಪ ಬಳಿದು ಒತ್ತಿ ನಯಮಾಡಿದ ಆರ್ಟ್ ಕಾರ್ಡ್ ತೆಳ್ಳಗೆ, ಜೋಲುಬಿದ್ದಂತೆ ಇರುತ್ತದೆ. ಲೇಪವಿಲ್ಲದ ಡ್ರಾಯಿಂಗ್ ಹಾಳೆ ಅಷ್ಟೇ ತೂಕದಲ್ಲಿ ದಪ್ಪಗೆ, ಸೆಟೆದು ನಿಲ್ಲುತ್ತದೆ. ಮೊದಲನೆಯದರಲ್ಲಿ ತೂಕದ ಒಂದು ಪಾಲು ಲೇಪದ ಪುಡಿಗೆ ಹೋಗಿದೆ, ಎರಡನೆಯದರಲ್ಲಿ ಅದು ನಾರಿನಲ್ಲೇ ಉಳಿದಿದೆ.

ಈಗ ಎಳೆಯ ಮಾತು. ಕಾಗದದ ಗಿರಣಿಯಲ್ಲಿ ನೀರಿನಲ್ಲಿ ತೇಲುವ ನಾರು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಓಡುವ ದಿಕ್ಕಿಗೆ ನಾರುಗಳು ಹೆಚ್ಚಾಗಿ ಮಲಗಿಕೊಳ್ಳುತ್ತವೆ, ಹೊಳೆಯಲ್ಲಿ ಹುಲ್ಲುಕಡ್ಡಿ ಹರಿವಿನ ಕಡೆ ತಿರುಗಿದಂತೆ. ಪ್ರೆಸ್ಸಿನವರು ಇದನ್ನು ಗ್ರೇನ್ ಅನ್ನುತ್ತಾರೆ. ಎಳೆಯ ಗುಂಟ ಮಡಚಿದರೆ ನಾರುಗಳು ಒಂದರ ಪಕ್ಕ ಒಂದು ಸರಿದುಕೊಳ್ಳುತ್ತವೆ, ಮಡಿಕೆ ಗೆರೆ ಎಳೆದಂತೆ ನೇರವಾಗಿ ಕೂರುತ್ತದೆ. ಅಡ್ಡ ಮಡಚಿದರೆ ನಾರು ಮುರಿಯುತ್ತದೆ, ಮೇಲಿನ ಲೇಪ ಬಿರಿಯುತ್ತದೆ.

ಎಳೆ ಪತ್ತೆಹಚ್ಚಲು ಯಂತ್ರ ಬೇಡ. ಹಾಳೆಯನ್ನು ಮುರಿಯದಂತೆ ಮೆಲ್ಲಗೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ ಅಂಗೈಯಿಂದ ಒತ್ತಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರಾಡುತ್ತದೆ. ಸಲೀಸಾದ ಬಾಗಿನ ಗೆರೆ ಯಾವ ದಿಕ್ಕಿಗಿದೆಯೋ ಎಳೆಯೂ ಆ ದಿಕ್ಕಿಗೇ. ದಪ್ಪ ಹಾಳೆಯಲ್ಲಿ ಈ ವ್ಯತ್ಯಾಸ ಕಣ್ಣು ಮುಚ್ಚಿಕೊಂಡರೂ ಕೈಗೆ ತಿಳಿಯುತ್ತದೆ. ಅನುಮಾನ ಉಳಿದರೆ ಬೆರಳುದ್ದದ ಚೂರೊಂದನ್ನು ಒಂದು ಬದಿಗಷ್ಟೇ ಒದ್ದೆ ಮಾಡಿ ನೋಡಬಹುದು. ನಾರು ನೀರು ಕುಡಿದಾಗ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಊದುತ್ತದೆ. ಆದ್ದರಿಂದ ಚೂರು ನಳಿಗೆಯಂತೆ ಸುರುಳಿಗೊಳ್ಳುತ್ತದೆ, ನಳಿಗೆಯ ಉದ್ದವೇ ಎಳೆಯ ದಿಕ್ಕು.

ಇಲ್ಲೇ ಮನೆಯ ಕಾರ್ಡಿನ ದೊಡ್ಡ ತಪ್ಪು ಬಯಲಾಗುತ್ತದೆ. ಕಟ್ಟಿನಲ್ಲಿ ಬರುವ ಎ4 ಹಾಳೆಗಳಲ್ಲಿ ಹೆಚ್ಚಿನವುಗಳ ಎಳೆ ಉದ್ದಕ್ಕೆ, ಅಂದರೆ 297 ಮಿಲಿಮೀಟರ್ ಕಡೆಗೆ ಇರುತ್ತದೆ. ಅದನ್ನು ಪುಸ್ತಕದಂತೆ ನಡುವೆ ಮಡಚಿ ದೊಡ್ಡ ಕಾರ್ಡ್ ಮಾಡಿದರೆ ಮಡಿಕೆ ಎಳೆಗೆ ನೇರ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ಮೊದಲು ಎರಡು ತುಂಡು ಮಾಡಿದರೆ? ಪ್ರತಿ ತುಂಡು 148 ಮತ್ತು 210 ಮಿಲಿಮೀಟರ್ ಅಳತೆಯದು, ಎಳೆ ಈಗ 148ರ ಕಡೆಗೆ. ಅದನ್ನು ನಡುವೆ ಮಡಚಿದರೆ ಮಡಿಕೆಯೂ 148ರ ಕಡೆಗೇ ಬರುತ್ತದೆ, ಎಳೆಯ ಗುಂಟವೇ. ಕೈಗೆ ಸಿಗುವುದು ಎ6 ಅಳತೆಯ ಅಂದವಾದ ಕಾರ್ಡ್; ಒಂದು ಹಾಳೆಗೆ ಎರಡು. 250 ಜಿಎಸ್‌ಎಂನಲ್ಲಿ ಒಂದರ ತೂಕ 8 ಗ್ರಾಂಗೂ ಕಡಿಮೆ. ಒಂದು ಕತ್ತರಿಗೆ ಮಡಿಕೆಯೂ ನೇರವಾಯಿತು, ತೂಕವೂ ಇಳಿಯಿತು, ಹಾಳೆಯ ಖರ್ಚೂ ಅರ್ಧವಾಯಿತು.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಿಂದ 20×30 ಅಥವಾ 23×36 ಇಂಚಿನ ದೊಡ್ಡ ಹಾಳೆ ತಂದು ಕತ್ತರಿಸಿಕೊಳ್ಳುವವರು ಮಾತ್ರ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು. ಕಟಿಂಗ್ ಮಷಿನ್ನಿಗೆ ಹಾಳೆ ಯಾವ ಮಗ್ಗುಲಲ್ಲಿ ಹೋಯಿತೋ ಎಳೆಯೂ ಹಾಗೆ ತಿರುಗಿರುತ್ತದೆ. ಕತ್ತರಿಸುವ ಮುಂಚೆಯೇ ಬಾಗಿಸಿ ನೋಡಿ, ಮೂಲೆಗೊಂದು ಪೆನ್ಸಿಲ್ ಗುರುತು ಹಾಕಿ ಕೊಡುವುದು ಒಳ್ಳೆಯದು.

ಎಳೆ ಸರಿಯಿದ್ದರೂ ದಪ್ಪ ಹಾಳೆಯನ್ನು ಹಾಗೇ ಮಡಚಬಾರದು. ಮೊದಲು ಗೆರೆ ಒತ್ತಬೇಕು. ಮಸಿ ಮುಗಿದ ಬಾಲ್‌ಪೆನ್, ಸ್ಟೀಲಿನ ಅಡಿಪಟ್ಟಿ, ಇಷ್ಟೇ ಸಾಮಾನು. ಈ ಸೀಮೆಯ ಮನೆಗಳಲ್ಲಿ ಪರ್ಸಿ ನೆಲ ಇದ್ದೇ ಇದೆ: ಅದರ ಮೇಲೆ ಹಳೆಯ ಪತ್ರಿಕೆಯ ನಾಲ್ಕು ಪದರು ಹಾಸಿ, ಕಾರ್ಡನ್ನು ಮುದ್ರಣದ ಮುಖ ಮೇಲೆ ಮಾಡಿ ಇಟ್ಟು, ಒಂದೇ ಎಳೆತದಲ್ಲಿ ಗೆರೆ ಒತ್ತಿದರೆ ಹಿಂದೆ ಸಣ್ಣ ಉಬ್ಬು ಏಳುತ್ತದೆ. ಆ ಉಬ್ಬು ಒಳಗೆ ಬರುವಂತೆ ಮಡಚಬೇಕು. ಪ್ರೆಸ್ಸಿನಲ್ಲಿ ಮದುವೆ ಕಾರ್ಡಿಗೆ ಕ್ರೀಸ್ ಹಾಕುವವರ ಪದ್ಧತಿಯೂ ಇದೇ.

ಹಾಳೆ ಹೇಗಿದ್ದರೂ ಅದನ್ನು ನುಂಗಬೇಕಾದ್ದು ಪ್ರಿಂಟರ್. ಲೇಸರ್ ಯಂತ್ರ ಟೋನರ್ ಪುಡಿಯನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಹಾಳೆಗೆ ಕರಗಿಸಿ ಅಂಟಿಸುತ್ತದೆ. ಇಂಕ್‌ಜೆಟ್‌ಗೆಂದೇ ಮಾಡಿದ ಹೊಳಪಿನ ಫೋಟೊ ಪೇಪರನ್ನು ಅದಕ್ಕೆ ತುರುಕಿದರೆ ಲೇಪ ಕರಗಿ ರೋಲರಿಗೆ ಹತ್ತಿಕೊಳ್ಳುತ್ತದೆ. ಇಂಕ್‌ಜೆಟ್‌ನ ಕಷ್ಟ ಬೇರೆ: ಪ್ರೆಸ್ಸಿನ ಆರ್ಟ್ ಕಾರ್ಡ್ ಅದರ ನೀರುಮಸಿಯನ್ನು ಹೀರುವುದೇ ಇಲ್ಲ, ಬೆರಳು ತಾಗಿದರೆ ಬಣ್ಣ ಬಳಿದುಕೊಳ್ಳುತ್ತದೆ. ಎರಡಕ್ಕೂ ಹೊಂದುವುದು ಲೇಪವಿಲ್ಲದ ಮ್ಯಾಟ್ ಕಾರ್ಡ್. ಹಾಳೆ ಹೋಗುವ ದಾರಿಯನ್ನೂ ನೋಡಬೇಕು. ಮುಂದಿನ ಟ್ರೇಯಿಂದ ಹೊರಟ ಹಾಳೆ ಒಳಗೆ ಪೂರ್ತಿ ಡೊಂಕಾಗಿ ತಿರುಗಿ ಬರುತ್ತದೆ. ದಪ್ಪ ಕಾರ್ಡಿಗೆ ಹಿಂದಿನಿಂದ ಇಳಿಬಿಡುವ ದಾರಿಯೇ ಸುರಕ್ಷಿತ. ಎಷ್ಟು ಜಿಎಸ್‌ಎಂವರೆಗೆ ತಡೆಯುತ್ತದೆಂಬುದು ಪ್ರತಿ ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತದೆ. ಲೇಸರ್‌ನಲ್ಲಿ ಮುದ್ರಿಸುವವರು ಗಾಢ ಬಣ್ಣದ ಪಟ್ಟಿ ಮಡಿಕೆಯ ಮೇಲೆ ಹಾಯದಂತೆ ಚಿತ್ರ ಜೋಡಿಸಿಕೊಳ್ಳಬೇಕು. ಟೋನರ್ ಹಾಳೆಯ ಮೇಲೆಯೇ ಕೂತಿರುವುದರಿಂದ ಎಳೆ ಎಷ್ಟು ಸರಿಯಿದ್ದರೂ ಅಲ್ಲಿ ಉದುರುತ್ತದೆ.

ಕಲಬುರಗಿ ಸೀಮೆಯ ಹವೆಯೂ ಹಾಳೆಯ ಜೊತೆ ಆಟವಾಡುತ್ತದೆ. ಬೇಸಿಗೆಯ ಒಣ ಗಾಳಿಗೆ ತೆರೆದಿಟ್ಟ ಕಾರ್ಡ್ ಅಂಚು ಮೇಲೆತ್ತುತ್ತದೆ, ಮಳೆಗಾಲದಲ್ಲಿ ತೇವ ಕುಡಿದು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಮತಟ್ಟಾಗಿ ಮಲಗಿಸಿಟ್ಟರೆ ಎರಡೂ ತಪ್ಪುತ್ತವೆ. ಕಲ್ಲುಪುಡಿ ಹಾರುವ ಊರಿನಲ್ಲಿ ಹಾಳೆಯನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಯಂತ್ರಕ್ಕೆ ಕೊಡುವುದೂ ರೂಢಿಯಾಗಬೇಕು.

ಹಾಳೆಯ ಮುಖವನ್ನು ಪರೀಕ್ಷಿಸಲು ಕನ್ನಡದ ಅಕ್ಷರಗಳಿಗಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ದುಂಡು ಅಕ್ಷರ, ಅದರಡಿ ಪುಟ್ಟ ಒತ್ತು, ಪಕ್ಕದಲ್ಲಿ ದೀರ್ಘ. ‘ಸಂಕ್ರಾಂತಿ’, ‘ಹಾರ್ದಿಕ’, ‘ಜ್ಯೋತ್ಸ್ನಾ’ ಎಂಬ ಮೂರು ಪದಗಳನ್ನು ಹತ್ತು ಪಾಯಿಂಟಿನಲ್ಲಿ ಮುದ್ರಿಸಿ ನೋಡಬೇಕು. ಮಸಿ ಹರಡುವ ಹಾಳೆಯಲ್ಲಿ ಒತ್ತಿನ ಹೊಟ್ಟೆ ತುಂಬಿಹೋಗುತ್ತದೆ. ಉಬ್ಬುತಗ್ಗಿನ ಹಾಳೆಯಲ್ಲಿ ಟೋನರ್ ತಗ್ಗಿಗೆ ಇಳಿಯದೆ ಅರ್ಕಾವತ್ತು ತುಂಡಾಗುತ್ತದೆ. ಮೂರೂ ಪದಗಳು ಸ್ವಚ್ಛವಾಗಿ ಬಂದ ಹಾಳೆ ಎಂಥ ಸೂಕ್ಷ್ಮ ಗೆರೆಯನ್ನಾದರೂ ಹೊರುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದು ಸುಣ್ಣಕಲ್ಲಿನದು. ನುಣುಪಾದ ಆ ಕಲ್ಲು ಬಟ್ಟೆಯ ನೆರಿಗೆ, ಒಡವೆಯ ಮಣಿಗಳನ್ನೂ ಹಿಡಿದಿಟ್ಟುಕೊಂಡಿದೆ. ಬುದ್ಧ ಪೂರ್ಣಿಮೆಗೋ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೋ ಆ ಶಿಲ್ಪವನ್ನು ರೇಖಾಚಿತ್ರವಾಗಿ ಬಿಡಿಸಿ ಕಾರ್ಡ್ ಮಾಡುವವರಿಗೆ ಬೇಕಾದ್ದು ಅಂಥದೇ ನುಣುಪಿನ, ಹೊಳಪಿಲ್ಲದ ಹಾಳೆ. ಅಂಗಡಿಯಲ್ಲಿ ಐವರಿ ಎಂದು ಕೇಳಿದರೆ ಸಿಗುತ್ತದೆ. ಹೆಸರು ಕೇಳಿ ದಂತದ ಬಣ್ಣ ನಿರೀಕ್ಷಿಸಬಾರದು, ಹಾಳೆ ಬಿಳಿಯೇ ಇರುತ್ತದೆ.

ಕಾರ್ಡಿನ ಒಳಪುಟವನ್ನು ಮರೆಯುವಂತಿಲ್ಲ. ಹೊರಗೆ ಪ್ರಿಂಟರ್ ಬರೆಯುತ್ತದೆ, ಒಳಗೆ ಕೈ ಬರೆಯುತ್ತದೆ. ಎರಡೂ ಬದಿ ಲೇಪವಿರುವ ಹಾಳೆಯಲ್ಲಿ ಶಾಯಿ ಪೆನ್ ಜಾರುತ್ತದೆ, ಬರೆದದ್ದು ಎದುರು ಪುಟಕ್ಕೆ ಅಂಟುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ, ಹಾಳೆಯ ಮೂಲೆಯಲ್ಲಿ ಹೆಸರೊಂದನ್ನು ಬರೆದು ನೋಡುವ ಗಿರಾಕಿಯೇ ಜಾಣ ಗಿರಾಕಿ.

ಈ ಕಲ್ಲಿನ ನಾಡಿಗೂ ಕಾರ್ಡಿಗೂ ಇನ್ನೊಂದು ನಂಟಿದೆ. ವಾಡಿಯ ಸಿಮೆಂಟ್ ಗೂಡಿಗೆ ಹೋಗುವ ಸುಣ್ಣಕಲ್ಲಿನ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. ಅದೇ ದ್ರವ್ಯದ ಶುದ್ಧ, ನುಣ್ಣನೆಯ ಪುಡಿಯನ್ನು ಕಾಗದದ ಗಿರಣಿಗಳು ನಾರಿನ ನಡುವೆ ತುಂಬುತ್ತವೆ, ಮೇಲೆ ಲೇಪವಾಗಿಯೂ ಬಳಿಯುತ್ತವೆ. ಹಾಳೆ ಬೆಳ್ಳಗಾಗುವುದು, ಹಿಂದಿನ ಮುದ್ರಣ ಮುಂದಕ್ಕೆ ಕಾಣದಿರುವುದು ಅದರಿಂದ. ಹುಳಿ ಅಂಶವನ್ನು ತಡೆದು ಕಾಗದ ಬೇಗ ಹಳದಿಯಾಗದಂತೆ ಕಾಯುವುದೂ ಅದೇ. ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಮಾಡಿಸಿದ, ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಮುದ್ರಣವಾದದ್ದು ಲಿಥೊಗ್ರಫಿಯಲ್ಲಿ, ಅಂದರೆ ಕಲ್ಲಚ್ಚಿನಲ್ಲಿ. ಆ ಕಾಲದ ಕಲ್ಲಚ್ಚಿಗೆ ಬಳಸುತ್ತಿದ್ದುದು ಸುಣ್ಣಕಲ್ಲಿನ ಹಲಗೆ. ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಬಿಡಿಸಿದ ಆ ಚಿತ್ರವನ್ನು ಒಂದು ಸಾವಿರ ಪ್ರತಿ ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬಿದ್ದರು. ಅದು ಮಡಿಕೆಯಿಲ್ಲದ ಒಂಟಿ ರಟ್ಟು. ಎಳೆಯ ಚಿಂತೆ ಅವರಿಗಿರಲಿಲ್ಲ.

ಎಳೆಯ ಚಿಂತೆಯೇ ಇಲ್ಲದ ಇನ್ನೊಂದು ಕಾಗದ ನಿಜಾಮರ ಕಾಲದಲ್ಲಿ ಕಲಬುರಗಿಯದೇ ರಾಜ್ಯದಲ್ಲಿದ್ದ ಊರಿನದು. ದೌಲತಾಬಾದ್ ಪಕ್ಕದ ಕಾಗಜಿಪುರ ಕೈಕಾಗದಕ್ಕೆ ಹೆಸರಾದ ಊರು. 1327ರ ಸುಮಾರಿಗೆ ತುಘಲಕ್ ರಾಜಧಾನಿ ಬದಲಿಸಿದಾಗ ಬಂದ ಕಸುಬುದಾರರಿಂದ ಅಲ್ಲಿ ಕಾಗದ ಶುರುವಾಯಿತೆಂದು ಹೇಳುತ್ತಾರೆ. ಕೈಕಾಗದದಲ್ಲಿ ಚೌಕಟ್ಟನ್ನು ನಾಲ್ಕೂ ಕಡೆ ಅಲುಗಿಸಿ ನಾರು ಹರಡುವುದರಿಂದ ಎಲ್ಲ ದಿಕ್ಕಿಗೂ ಒಂದೇ ಸಮ. ಅಡ್ಡ ಮಡಚಿ, ಉದ್ದ ಮಡಚಿ, ಬಿರಿಯುವುದಿಲ್ಲ. ಆದರೆ ಅದರ ಸಡಿಲ ನಾರು ಪ್ರಿಂಟರಿನ ಹೊಟ್ಟೆಗೆ ಒಳ್ಳೆಯದಲ್ಲ. ಕೈಕಾಗದವನ್ನು ಹೊರ ಹೊದಿಕೆ ಮಾಡಿ, 100 ಜಿಎಸ್‌ಎಂ ಹಾಳೆಯಲ್ಲಿ ಮುದ್ರಿಸಿದ ಚಿತ್ರವನ್ನು ಅದರ ಮೇಲೆ ತೆಳ್ಳಗೆ ಅಂಟಿಸಿದರೆ ಎರಡರ ಸೊಗಸೂ ಉಳಿಯುತ್ತದೆ. ದಸರಾ ಕಾರ್ಡಿಗೆ ಒಣಗಿಸಿದ ಬನ್ನಿ ಎಸಳು ಅಂಟಿಸಲೂ ಈ ಹಾಳೆಯೇ ತಕ್ಕದ್ದು.

ಸಂಕ್ರಾಂತಿಗೆ ಶುಭಾಶಯ ಪತ್ರದ ಜೊತೆ ನಾಲ್ಕು ಕಾಳು ಕುಸುರೆಳ್ಳು ಇಟ್ಟು ಅಂಚೆಗೆ ಹಾಕುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಹಳೆಯದು. ಅಂಚೆಯ ಮೊದಲ ತೂಕದ ಮೆಟ್ಟಿಲು 20 ಗ್ರಾಂ. 300 ಜಿಎಸ್‌ಎಂನ ಪೂರ್ತಿ ಎ4 ಕಾರ್ಡ್ ಲಕೋಟೆ ಸೇರಿದೊಡನೆ ಅದನ್ನು ದಾಟುತ್ತದೆ. ಅರ್ಧ ಹಾಳೆಯ ಕಾರ್ಡ್ 8 ಗ್ರಾಂ, ತೆಳು ಲಕೋಟೆ 4 ಗ್ರಾಂ, ಪುಟ್ಟ ಪೊಟ್ಟಣದಲ್ಲಿ ಕುಸುರೆಳ್ಳು 3 ಗ್ರಾಂ: ಒಟ್ಟು 15. ಇನ್ನೂ 5 ಗ್ರಾಂ ಜಾಗ ಇದೆ, ಮೊಮ್ಮಗಳು ಬಿಡಿಸಿದ ಚಿತ್ರದ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಸೇರಿಸಬಹುದು. ಉಳಿದ ಕಾರ್ಡ್ ಹಾಳೆಗಳನ್ನು ಕಟ್ಟಿ ಎತ್ತಿಡುವ ಮುಂಚೆ ಮೇಲಿನದರ ಮೂಲೆಯಲ್ಲಿ ಪೆನ್ಸಿಲಿನಿಂದ ಎಳೆಯ ದಿಕ್ಕಿಗೊಂದು ಬಾಣ, ಪಕ್ಕದಲ್ಲಿ ‘250, ಐವರಿ, ಮ್ಯಾಟ್’ ಎಂದು ಬರೆದಿಟ್ಟರೆ ಯುಗಾದಿಯ ಕಾರ್ಡಿಗೆ ಕಟ್ಟು ಬಿಚ್ಚಿದವರು ನೇರ ಕತ್ತರಿ ಹಿಡಿಯಬಹುದು.