ಸಂಸೃಷ್ಟಿ: ಭರತ ಬಾಹುಬಲಿಗಳ ಸೋದರಭಾವವನ್ನು ಕುರಿತು

ಪುರುಷರು ತಾವು ತಾವೇ ವರ್ತುಲವಾಗಿ ಕುಳಿತು, ಪೌರುಷವೆಂದರೇನು, ಸೋದರಭಾವವೆಂದರೇನು ಎಂದು ವಿಚಾರಮಾಡುವ ಗೋಷ್ಠಿಗಳು ಕಳೆದ ಕೆಲವು ದಶಕಗಳಲ್ಲಿ ಪಶ್ಚಿಮದೇಶಗಳಲ್ಲಿ ಬೆಳೆದು, ಈಗ ನಮ್ಮ ನಗರಗಳಲ್ಲಿಯೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿವೆ. ಅಮೆರಿಕದ ಕವಿಯಾದ ರಾಬರ್ಟ್ ಬ್ಲೈ 1990ರಲ್ಲಿ ಪ್ರಕಟಿಸಿದ ‘ಐರನ್ ಜಾನ್’ ಎಂಬ ಗ್ರಂಥವು ಇಂತಹ ಗೋಷ್ಠಿಗಳಿಗೆ ಒಂದು ಬಗೆಯ ಆಕರಗ್ರಂಥವಾಯಿತೆಂದು ಹೇಳುತ್ತಾರೆ. ಗ್ರಿಮ್ ಸೋದರರು ಸಂಗ್ರಹಿಸಿದ ಹಳೆಯ ಜರ್ಮನ್ ಕಥೆಯೊಂದನ್ನು ಆತನು ಮುಂದಿಟ್ಟುಕೊಂಡು, ಗಂಡಸು ಗಂಡಸಾಗುವ ಬಗೆಯನ್ನು ಅದರಿಂದ ತೆಗೆಯಲೆತ್ನಿಸಿದನು. ಆ ಯತ್ನದ ಯುಕ್ತಾಯುಕ್ತತೆಯು ಪ್ರಕೃತ ವಿಷಯವಲ್ಲ. ಆದರೆ ಕಥೆಯೊಂದನ್ನು ನಡುವೆ ಇರಿಸಿಕೊಂಡು ಪುರುಷರು ಸುತ್ತಲೂ ಕುಳಿತುಕೊಳ್ಳುವ ಕ್ರಮವು ನಮಗೆ ಹೊಸತೇನೂ ಅಲ್ಲ. ಕನ್ನಡದಲ್ಲಿ ಅಂತಹ ಕಥೆ ಯಾವುದೆಂದು ಕೇಳಿದರೆ ಭರತ ಬಾಹುಬಲಿಗಳ ಕಥೆಯೆಂದು ನಾನು ಹೇಳುವೆನು. ಆದರೆ ನಾವು ಅದನ್ನು ಅರ್ಧಕ್ಕೇ ನಿಲ್ಲಿಸಿ ಓದುತ್ತಿರುವೆವೆಂದೂ ಕೂಡಲೇ ಹೇಳಬೇಕಾಗಿದೆ.

ಈ ಕಥೆಗೆ ಕಲಬುರಗಿಯ ಸೀಮೆಯೊಡನೆ ಇರುವ ಸಂಬಂಧವನ್ನು ಮೊದಲು ನೆನೆಯೋಣ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಚಿತ್ತಾಪುರವನ್ನು ದಾಟಿ, ಸೇಡಮ್ಮನ್ನು ಮುಟ್ಟುವುದಕ್ಕೆ ಮುನ್ನ ಮಳಖೇಡ ರೋಡ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಕಾಗಿಣಾ ನದಿಯ ದಡದ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ. ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಸಭೆಯ ಕೀರ್ತಿಯನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಕವಿರಾಜಮಾರ್ಗವು ಆ ಸಭೆಯ ಸಮ್ಮತಿಯನ್ನು ಹೊತ್ತು ಬಂದ ಗ್ರಂಥ. ಅದು ಕನ್ನಡನಾಡಿನ ಜನರನ್ನು ವರ್ಣಿಸುವಲ್ಲಿ ಶೂರನನ್ನೂ ಕವಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿರುವುದು. ಉಗ್ರತೆಯನ್ನು ಹೇಳಿದೊಡನೆಯೇ ಚಿತ್ತದ ಗಾಂಭೀರ್ಯವನ್ನೂ ವಿವೇಕವನ್ನೂ ಎಣಿಸಿರುವುದು. ಇದು ಪೌರುಷದ ಲಕ್ಷಣಶ್ಲೋಕವೆಂದೇ ನನಗೆ ತೋರುತ್ತದೆ. ಪರರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳಬಲ್ಲ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಅದೇ ಗ್ರಂಥವು ಬೇರೊಂದು ಕಡೆ ಹೇಳುವುದರಿಂದ, ಆ ಸಭೆಯು ಬರಿಯ ತೋಳ್ಬಲವನ್ನು ಗಂಡಸುತನವೆಂದು ಎಣಿಸಿರಲಿಲ್ಲವೆಂಬುದು ಸ್ಪಷ್ಟ.

ಹೇಳುವುದು ಬೇರೆ, ನಡೆದುದು ಬೇರೆ. ಆ ಮನೆತನದ ಚರಿತ್ರೆಯನ್ನು ನೋಡಿದರೆ ಅಣ್ಣ ತಮ್ಮಂದಿರ ಕಲಹವು ಅಲ್ಲಿ ಕುಲಧರ್ಮವೋ ಎಂಬಂತೆ ಕಾಣುತ್ತದೆ. ಅಮೋಘವರ್ಷನ ಅಜ್ಜನಾದ ಧ್ರುವನು ತನ್ನ ಅಣ್ಣ ಇಮ್ಮಡಿ ಗೋವಿಂದನನ್ನು ನೂಕಿ ಸಿಂಹಾಸನವನ್ನು ಏರಿದನು. ತಂದೆಯಾದ ಮುಮ್ಮಡಿ ಗೋವಿಂದನು ತನಗೆ ಹಿರಿಯನಾದ ಸ್ತಂಭನೊಡನೆ ಕಾದಿ ಗೆದ್ದನು. ಗೆದ್ದಮೇಲೆ ಅವನನ್ನು ಕ್ಷಮಿಸಿ ಗಂಗವಾಡಿಗೆ ಕಳುಹಿಸಿದನು. ಇಂತಹ ಮನೆಯ ಅರಸನಿಗೆ ಗುರುವಾಗಿದ್ದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ, ತಮ್ಮನು ಅಣ್ಣನನ್ನು ಗೆದ್ದ ಕಥೆಯನ್ನು ಹೇಳಿದನು. ಅಮೋಘವರ್ಷನನ್ನು ಮನಸ್ಸಿನಲ್ಲಿಟ್ಟೇ ಹೇಳಿದನೆಂದು ನಾನು ವಾದಿಸಲಾರೆ, ಅಷ್ಟಕ್ಕೆ ಪ್ರಮಾಣವಿಲ್ಲ. ಆದರೆ ಕೇಳಿದವರಿಗೆ ಅದು ಪರರ ಮನೆಯ ಕಥೆಯಾಗಿ ಕೇಳಿಸಿರಲಾರದು.

ಮುಂದಿನ ಶತಮಾನದಲ್ಲಿ ಈ ಕಥೆಯು ಮತ್ತೆರಡು ಸಲ ಹುಟ್ಟಿತು. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು 941ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಮಾನ್ಯಖೇಟದಲ್ಲಿಯೇ ಕುಳಿತು ಪುಷ್ಪದಂತನು 959ರಿಂದ 965ರವರೆಗೆ ಅಪಭ್ರಂಶ ಭಾಷೆಯ ಮಹಾಪುರಾಣವನ್ನು ರಚಿಸಿದನು. ಈ ಪುಷ್ಪದಂತನ ವೃತ್ತಾಂತವನ್ನು ಇಲ್ಲಿ ಬಿಡಲು ಮನಸ್ಸಾಗದು. ದಣಿದು ಬಂದ ಕವಿಯು ಪಟ್ಟಣದ ಹೊರಗಿನ ತೋಪಿನಲ್ಲಿ ತಂಗಿದನು. ಇಬ್ಬರು ಪುರುಷರು ಬಂದು ಒಳಗೆ ಕರೆದರೆ, ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಗಿರಿಕಂದರದಲ್ಲಿ ಹುಲ್ಲು ತಿಂದಿರುವುದು ಲೇಸೆಂದನು. ‘ಅಭಿಮಾನಮೇರು’ ಎಂಬ ಬಿರುದನ್ನು ಹೊತ್ತವನು ಮತ್ತೇನು ಹೇಳಿಯಾನು! ಅವನನ್ನು ಮನೆಗೆ ಕರೆದು ಆದರಿಸಿ ಕಾವ್ಯವನ್ನು ಬರೆಯಿಸಿದವನು ಮುಮ್ಮಡಿ ಕೃಷ್ಣನ ಮಂತ್ರಿ. ಅವನ ಹೆಸರೂ ಭರತನೇ. ಅಭಿಮಾನಿಯೊಬ್ಬನ ಬಳಿಗೆ ಭರತನೊಬ್ಬನು ತಾನಾಗಿ ಬಂದ ಮೇಲೆಯೇ ಆ ಕಾವ್ಯವು ಆರಂಭವಾದುದು ಆಕಸ್ಮಿಕವಾದರೂ ಸೊಗಸಾದ ಶಕುನ.

ಇನ್ನು ಕಥೆಗೆ ಬರೋಣ. ಆದಿದೇವನು ವಿರಕ್ತನಾಗುವಾಗ ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟನು. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ. ದಿಗ್ವಿಜಯವನ್ನು ಮುಗಿಸಿ ಬಂದ ಭರತನು ತಮ್ಮಂದಿರು ಬಂದು ತನಗೆ ಎರಗಬೇಕೆಂದು ಹೇಳಿಕಳುಹಿದನು. ಮಿಕ್ಕವರು ತಂದೆಯ ಬಳಿಗೆ ಹೋಗಿ ದೀಕ್ಷೆಯನ್ನು ಕೈಕೊಂಡರು; ಬಾಹುಬಲಿಯೊಬ್ಬನು ಎದುರು ನಿಂತನು. ಸೈನ್ಯಗಳು ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಗೆದ್ದ ಬಾಹುಬಲಿ ಅಣ್ಣನನ್ನು ಮೇಲಕ್ಕೆ ಎತ್ತಿಯೂ, ಹಿರಿಯನೆಂಬ ಗೌರವದಿಂದ ನೆಲಕ್ಕೆ ಅಪ್ಪಳಿಸಲಿಲ್ಲ. ಮಾನಭಂಗದಿಂದ ಕೆರಳಿದ ಭರತನು ಚಕ್ರವನ್ನು ಪ್ರಯೋಗಿಸಿದನು. ಅದು ತಮ್ಮನನ್ನು ಬಲವಂದು ನಿಂತಿತು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ಮೂರು ಯುದ್ಧಗಳೂ ಪುರುಷರ ವರ್ತುಲವೊಂದರ ನಡುವೆ ನಡೆಯುತ್ತವೆ. ಎರಡು ಸೈನ್ಯಗಳೂ ನೋಡುತ್ತಿವೆ. ಆ ವರ್ತುಲವು ಸಾವಿರಾರು ಪ್ರಾಣಗಳನ್ನು ಉಳಿಸಿತೆಂಬುದು ನಿಜ. ಆದರೆ ಚಕ್ರವನ್ನು ಬಿಡಿಸಿದುದೂ ಅದೇ ವರ್ತುಲ. ಏಕಾಂತದಲ್ಲಿ ಸೋತಿದ್ದರೆ ಭರತನು ನಕ್ಕುಬಿಡುತ್ತಿದ್ದನೇನೋ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ತನ್ನ ಭರತೇಶವೈಭವದಲ್ಲಿ ಯುದ್ಧವನ್ನೇ ತೆಗೆದುಹಾಕಿ, ಭರತನು ನುಡಿಯಿಂದಲೇ ತಮ್ಮನನ್ನು ಗೆಲ್ಲುವಂತೆ ಮಾಡಿದುದರ ರಹಸ್ಯವು ಇದೇ ಆಗಿರಬೇಕು. ಅದರಿಂದ ಕಾವ್ಯಕ್ಕೆ ಲಾಭವಾಯಿತೇ ಎಂದು ಕೇಳಿದರೆ, ಆಗಲಿಲ್ಲವೆಂದೇ ನನ್ನ ಅಭಿಪ್ರಾಯ. ನೋವೇ ಇಲ್ಲದ ಕಡೆ ಸಮಾಧಾನಕ್ಕೆ ಬೆಲೆಯೆಲ್ಲಿ?

ಪಂಪನ ಬಾಹುಬಲಿಯು ಗೆದ್ದಮೇಲೆ ಅಣ್ಣನಿಗೆ ಹೇಳುವ ಮಾತು ಕನ್ನಡದ ಅಧ್ಯಾಪಕರೆಲ್ಲರಿಗೂ ಕಂಠಸ್ಥವಾಗಿರುವುದು. ರಾಜ್ಯಲಕ್ಷ್ಮಿಯು ನಿನ್ನ ಎದೆಯಲ್ಲಿಯೇ ನೆಲೆಸಲಿ; ತಂದೆಯು ಕೊಟ್ಟ ನೆಲವನ್ನೂ ನಾನು ನಿನಗೆ ಕೊಟ್ಟೆನು; ನೀನು ಒಲಿದುದನ್ನು ನಾನು ಬಯಸಿದರೆ ಕೀರ್ತಿಯು ಮಾಸದೇ ಎಂಬುದು ಅದರ ಭಾವ. ಇದನ್ನು ವೈರಾಗ್ಯದ ಪರಾಕಾಷ್ಠೆಯೆಂದು ಮೆಚ್ಚುವುದು ವಾಡಿಕೆ. ಮೆಚ್ಚತಕ್ಕುದೇ ಸರಿ. ಆದರೆ ಧರ್ಮಶಾಸ್ತ್ರವನ್ನು ಓದಿದವನ ಕಿವಿಗೆ ಇದರಲ್ಲಿ ಬೇರೊಂದು ದನಿಯೂ ಕೇಳಿಸುತ್ತದೆ. ತಂದೆಯು ಕೊಟ್ಟುದು ದಾಯ. ತಮ್ಮನು ಕೊಡುತ್ತಿರುವುದು ದಾನ. ದಾಯವನ್ನು ಪಡೆದವರು ಸಮಾನರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಆದುದರಿಂದ ಬಾಹುಬಲಿಯ ತ್ಯಾಗವಚನವು ಮಲ್ಲಯುದ್ಧದ ನಾಲ್ಕನೆಯ ಪಟ್ಟೂ ಆಗಿದೆ. ಎತ್ತಿಹಿಡಿದ ಅಣ್ಣನನ್ನು ಅದು ಇನ್ನೂ ಇಳಿಸಿಲ್ಲ. ಪಂಪನ ಪ್ರತಿಭೆಯು ಇದನ್ನು ಅರಿಯದೆ ಆ ಮಾತನ್ನು ಆಡಿಸಿತೆಂದು ನಾನು ನಂಬಲಾರೆ.

ಈ ದಾಯವಿಚಾರವನ್ನು ಬಿಡಿಸಿದ ಮಹಾಪಂಡಿತನೂ ಇದೇ ಸೀಮೆಯವನೆಂಬುದು ಪ್ರಸಿದ್ಧಿ. ಶಹಾಬಾದಿಗೆ ಹತ್ತಿರದ ಮರತೂರನ್ನು ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನ ಊರೆಂದು ಜನರು ಹೇಳುತ್ತಾರೆ. ಅವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ಪಂಪನಿಗೆ ಒಂದೂವರೆ ಶತಮಾನದಷ್ಟು ಈಚಿನವನು. ಪಿತೃಧನದಲ್ಲಿ ಮಕ್ಕಳ ಸ್ವತ್ವವು ಜನ್ಮದಿಂದಲೇ ಹುಟ್ಟುತ್ತದೆಂಬುದು ಅವನ ಸಿದ್ಧಾಂತ. ವಿಭಾಗವಾದ ಮೇಲೆ ಅಣ್ಣ ತಮ್ಮಂದಿರು ಪ್ರೀತಿಯಿಂದ ಮತ್ತೆ ಧನವನ್ನು ಬೆರಸಿ ಒಂದಾಗುವುದನ್ನು ಶಾಸ್ತ್ರವು ಸಂಸೃಷ್ಟಿಯೆಂದು ಕರೆಯುತ್ತದೆ. ಒಡೆದು ಹೋಳಾದ ಸೋದರತ್ವವು ಮತ್ತೆ ಕೂಡಬಲ್ಲುದೆಂಬುದಕ್ಕೆ ವ್ಯವಹಾರಶಾಸ್ತ್ರದಲ್ಲಿಯೇ ಒಂದು ಹೆಸರಿರುವುದು ನನಗೆ ಯಾವಾಗಲೂ ಆಶ್ಚರ್ಯವನ್ನು ಉಂಟುಮಾಡಿದೆ. ಇನ್ನೊಂದು ವಿಶೇಷವೂ ಉಂಟು. ಅಪುತ್ರನಾದವನ ಧನಕ್ಕೆ ವಾರಸುದಾರರನ್ನು ಎಣಿಸುತ್ತ ಹೋಗುವ ಯಾಜ್ಞವಲ್ಕ್ಯನು ಬಂಧುಗಳೆಲ್ಲ ಮುಗಿದ ಮೇಲೆ ಶಿಷ್ಯನನ್ನೂ ಸಬ್ರಹ್ಮಚಾರಿಯನ್ನೂ, ಎಂದರೆ ಜೊತೆಯಲ್ಲಿ ಓದಿದವನನ್ನೂ, ಹೇಳಿರುವನು. ಚಿತ್ತಾಪುರದ ಮಗ್ಗುಲಿನ ನಾಗಾವಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದಾಧ್ಯಾಯಿಗಳೂ ಆರು ಮಂದಿ ಸರಸ್ವತೀಭಂಡಾರಿಗರೂ ಇದ್ದರೆಂದು 1058ರ ಶಾಸನದಿಂದ ತಿಳಿಯುವುದಷ್ಟೆ. ಅಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಪಾಠವನ್ನು ಹೇಳಿಕೊಂಡ ಹುಡುಗರು ಶಾಸ್ತ್ರದ ಕಣ್ಣಿನಲ್ಲಿಯೂ ಒಬ್ಬರಿಗೊಬ್ಬರು ಏನೋ ಆಗಿದ್ದರು. ಪಾಠಶಾಲೆಯಲ್ಲಿ ಬೆಳೆದ ನನ್ನಂಥವರಿಗೆ ಈ ಮಾತಿನ ಅರ್ಥವು ವ್ಯಾಖ್ಯಾನವಿಲ್ಲದೆಯೇ ಆಗುವುದು.

ಈಗ ಜಿನಸೇನನಲ್ಲಿಗೆ ಹಿಂದಿರುಗೋಣ. ಬಾಹುಬಲಿಯು ಒಂದು ವರ್ಷದ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಹಬ್ಬಿದುವು, ಹುತ್ತಗಳು ಬೆಳೆದುವು. ಆದರೂ ಕೇವಲಜ್ಞಾನವು ಉದಿಸಲಿಲ್ಲ. ಏಕೆ? ನಾನು ಭರತನ ನೆಲದ ಮೇಲೆ ನಿಂತಿರುವೆನೆಂಬ ಮಾನಕಷಾಯವು ಉಳಿದಿದ್ದಿತೆಂದು ಜನಜನಿತವಾದ ಉತ್ತರ. ಶ್ವೇತಾಂಬರರ ಸಂಪ್ರದಾಯದಲ್ಲಿ ಬೇರೊಂದು ಕಾರಣವಿದೆ: ತನಗಿಂತ ಮೊದಲೇ ದೀಕ್ಷೆಯನ್ನು ಪಡೆದ ಕಿರಿಯ ಸೋದರರಿಗೆ ಎರಗಬೇಕಾದೀತೆಂಬ ಅಭಿಮಾನ, ತಂಗಿಯರಾದ ಬ್ರಾಹ್ಮೀ ಸುಂದರಿಯರು ಬಂದು, ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ. ಎರಡರಲ್ಲಿಯೂ ದೋಷವು ಮಾನವೇ. ಜಿನಸೇನನು ಹೇಳುವ ಕಾರಣವು ಇವೆರಡೂ ಅಲ್ಲ. ತನ್ನಿಂದ ಭರತನು ಕ್ಲೇಶಪಟ್ಟನೆಂಬ ಒಂದು ಸ್ನೇಹದ ಎಳೆ, ಅವನ ಮಾತಿನಲ್ಲಿ ‘ಹಾರ್ದ’, ಬಾಹುಬಲಿಯ ಹೃದಯದಲ್ಲಿ ಉಳಿದಿದ್ದಿತು. ಆದಕಾರಣ ಕೇವಲಜ್ಞಾನವು ಭರತನ ಪೂಜೆಯನ್ನು ಅಪೇಕ್ಷಿಸಿ ಕಾದಿದ್ದಿತು. ಅಣ್ಣನು ಬಂದನು, ಪೂಜಿಸಿದನು, ಜ್ಞಾನವು ಉದಿಸಿತು.

ಈ ಭೇದವು ಸಣ್ಣದಲ್ಲ. ಮಾನವು ತೊಡಕಾಗಿದ್ದರೆ ಅದನ್ನು ಒಬ್ಬನೇ ನಿಂತು ಕಳೆದುಕೊಳ್ಳಬಹುದು. ಇನ್ನೊಬ್ಬನಿಗೆ ಆದ ನೋವು ತೊಡಕಾಗಿದ್ದರೆ ಆ ಇನ್ನೊಬ್ಬನು ಬಾರದೆ ಅದು ಕಳೆಯದು. ಜಗಳದಲ್ಲಿ ಗೆದ್ದವನು ರಾಜ್ಯವನ್ನು ಬಿಟ್ಟ ಮಾತ್ರಕ್ಕೆ ಋಣಮುಕ್ತನಾಗಲಿಲ್ಲ. ಸೋತವನು ಎದ್ದು ನಡೆದು ಬಂದು ಎದುರು ನಿಲ್ಲಬೇಕಾಯಿತು. ಈ ಸಲ ನೋಡುವ ಸೈನ್ಯದ ಮುಂದೆ ಸ್ಪರ್ಧೆಯಿಲ್ಲ. ದಾನವೂ ಇಲ್ಲ, ದಾಯವೂ ಇಲ್ಲ. ಬೆರಸುವುದಕ್ಕೆ ಧನವೇ ಇಲ್ಲದ ಸಂಸೃಷ್ಟಿಯಿದು. ಪೌರುಷಕ್ಕೆ ಮಾದರಿಯೆಂದು ಏಕಾಂಗಿಯಾದ ಬಾಹುಬಲಿಯನ್ನು ತೋರಿಸುವವರು ಜಿನಸೇನನ ಈ ಮಾತನ್ನು ಮರೆತಿರುವರು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಕಡೆಯಿಸಿದ ಮಹಾಮೂರ್ತಿಯೂ ನಮ್ಮ ಮರೆವಿಗೆ ಅರಿಯದೆಯೇ ಕಾರಣವಾಗಿರಬಹುದು. ಅಷ್ಟು ಎತ್ತರದಲ್ಲಿ ಭರತನಿಗೆ ಸ್ಥಳವೆಲ್ಲಿ? ಅದಕ್ಕೂ ಹಿಂದಿನ ಐಹೊಳೆಯ ಜೈನಗುಹೆಯಲ್ಲಿಯಾದರೋ ಬಾಹುಬಲಿಯ ಇಕ್ಕೆಲಗಳಲ್ಲಿಯೂ ಸ್ತ್ರೀಯರಿರುವರು. ಅವರನ್ನು ವಿದ್ಯಾಧರಿಯರೆಂದು ಕೆಲವರೂ ತಂಗಿಯರೆಂದು ಕೆಲವರೂ ಹೇಳುವರು.

ತಂಗಿಯರ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಆದಿದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನು; ನೆಲವನ್ನು ಹಂಚುವಾಗ ಮಾತ್ರ ಅವರು ಲೆಕ್ಕಕ್ಕೆ ಬರಲಿಲ್ಲ. ವಿಜ್ಞಾನೇಶ್ವರನು ವಿಭಕ್ತನಾದ ಅಪುತ್ರನ ಧನದಲ್ಲಿ ಪತ್ನಿಯನ್ನೂ ಮಗಳನ್ನೂ ಸೋದರರಿಗಿಂತ ಮುಂದೆ ನಿಲ್ಲಿಸಿದನಾದರೂ, ಜನ್ಮಸ್ವತ್ವದ ವರ್ತುಲದೊಳಕ್ಕೆ ಮಗಳು ಬರಲಿಲ್ಲ. ಕರ್ಣಾಟಕದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿಯೂ ಶಾಸನವು ಆ ಬಾಗಿಲನ್ನು ತೆರೆಯಿತು. ಸೋದರಭಾವವನ್ನು ಕುರಿತು ಇನ್ನುಮೇಲೆ ಕೂಡುವ ಪುರುಷಗೋಷ್ಠಿಗಳು ಇದನ್ನು ಬಿಟ್ಟು ಮಾತನಾಡಲಾರವು.

ಮಾನ್ಯಖೇಟದ ಸಭೆಯು ಹಾಳಾಗಿ ಹೋಯಿತು. 972ರಲ್ಲಿ ಪರಮಾರ ಸೀಯಕನು ಪಟ್ಟಣವನ್ನು ಸೂರೆಗೊಂಡನು. ಆದರೆ ಕಥೆಯ ಸುತ್ತ ಪುರುಷರು ನಿಲ್ಲುವ ಪದ್ಧತಿಯು ಈ ಸೀಮೆಯಲ್ಲಿ ಅಳಿದಿಲ್ಲ. ಮೊಹರಮ್ಮಿನ ದಿನಗಳಲ್ಲಿ ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ಕನ್ನಡದ ರಿವಾಯತ್ ಪದಗಳು ಹಸನ್ ಹುಸೇನರೆಂಬ ಅಣ್ಣ ತಮ್ಮಂದಿರ ಕಥೆ. 680ರಲ್ಲಿ ಕರ್ಬಲಾದಲ್ಲಿ ಬಾಯಾರಿದ ಮಕ್ಕಳಿಗೆ ನೀರು ತರಲು ಹೋಗಿ ಮಡಿದ ಅಬ್ಬಾಸನು ಹುಸೇನನಿಗೆ ಮಲತಾಯಿಯ ಮಗನಾದ ತಮ್ಮ. ಇಲ್ಲಿ ಸೋದರರು ಒಬ್ಬರೊಡನೊಬ್ಬರು ಕಾದುವುದಿಲ್ಲ. ಸುತ್ತ ನಿಂತವರೂ ಯಾರು ಗೆದ್ದರೆಂದು ನೋಡುವವರಲ್ಲ, ಅಳುವವರು. ಜಿನಸೇನನ ‘ಹಾರ್ದ’ವನ್ನು ಗ್ರಂಥದಲ್ಲಿ ಓದುವುದಕ್ಕೆ ಮುಂಚೆ ನಾನು ಅಂತಹ ಕುಣಿಯ ಬದಿಯಲ್ಲಿ ಕಂಡಿದ್ದೆನೆಂದು ಹೇಳಿದರೆ ವಿದ್ವಾಂಸರು ಮನ್ನಿಸಬೇಕು.

ತರಗತಿಗಳಲ್ಲಿ ಈ ಪ್ರಕರಣವನ್ನು ಬಾಹುಬಲಿಯ ತ್ಯಾಗವಚನಕ್ಕೇ ನಿಲ್ಲಿಸುವ ವಾಡಿಕೆಯನ್ನು ಕಂಡಿದ್ದೇನೆ. ಪಂಪನ ಪದ್ಯದ ಸೊಬಗು ಅಲ್ಲಿ ಅಷ್ಟು ದೊಡ್ಡದಾಗಿರುವುದರಿಂದ ಅಧ್ಯಾಪಕರನ್ನು ದೂರಲಾಗದು. ಆದರೂ ಅದರ ಮುಂದಿನ ಪಾಠದಲ್ಲಿ ಜಿನಸೇನನ ಆದಿಪುರಾಣದ ಮೂವತ್ತಾರನೆಯ ಪರ್ವದ ಕೊನೆಯ ಭಾಗವನ್ನು ತೆರೆದು, ವರ್ಷವು ತುಂಬಿದ ದಿನ ಭರತನು ಬರುವ ಪ್ರಸಂಗವನ್ನು ಹುಡುಗರಿಂದ ಓದಿಸಿದರೆ ಒಳಿತು.