ಆಕೋರ್: ಹೆಸರು ಅಳಿಯದ ಕಣಿವೆ

ಸ್ಥಳನಾಮದ ಧಾತುವನ್ನು ಬಿಡಿಸಿದೊಡನೆ ಅದರ ಅರ್ಥವೆಲ್ಲ ದೊರಕಿತೆಂಬ ಭಾವನೆ ನಮ್ಮ ವ್ಯಾಖ್ಯಾನಗಳಲ್ಲಿ ಬೇರೂರಿದೆ. ‘ಆಕೋರ್’ ಎಂಬ ಹೆಸರು ಇದನ್ನು ಪ್ರಶ್ನಿಸುತ್ತದೆ.

ಕೇಡು ತರುವುದು ಎಂಬರ್ಥದ ‘ಆಖರ್’ ಎಂಬ ಹೀಬ್ರೂ ಧಾತುವಿನೊಡನೆ ಯೆಹೋಶುವನ ಗ್ರಂಥವು (7:24-26) ಈ ಹೆಸರನ್ನು ಜೋಡಿಸುತ್ತದೆ. ಜೆರಿಕೋವಿನ ನಿಷಿದ್ಧ ಕೊಳ್ಳೆಯನ್ನು ಬಚ್ಚಿಟ್ಟ ಆಕಾನನನ್ನು ಮಕ್ಕಳೊಡನೆ ಈ ಕಣಿವೆಗೆ ಒಯ್ದು ಕಲ್ಲೆಸೆದು ಕೊಂದರು. ಆಕಾನನ ಹೆಸರಿನ ಕೊನೆಯ ಅಕ್ಷರವು ಧಾತುವಿಗೆ ಹೊಂದದು. 1 ಪೂರ್ವಕಾಲವೃತ್ತಾಂತ 2:7 ಅವನನ್ನು ‘ಆಕಾರ್’ ಎಂದು ಕರೆದು ಶ್ಲೇಷೆಯನ್ನು ಪೂರ್ಣಗೊಳಿಸುತ್ತದೆ. ಹೆಸರಿಗೆ ಅರ್ಥ ಕೊಟ್ಟದ್ದು ಧಾತುವಿಗಿಂತ ಹೆಚ್ಚಾಗಿ ಜನರ ನೆನಪು. ಯೆಹೋಶುವ 15:7ರಲ್ಲಿ ಅದೇ ಹೆಸರು ಯೆಹೂದ ಕುಲದ ಗಡಿಗುರುತು ಮಾತ್ರ.

ಇದೇ ಕಣಿವೆಯು ಹೋಶೇಯನ ಗ್ರಂಥದಲ್ಲಿ (2:15, ಹೀಬ್ರೂ ಎಣಿಕೆಯಲ್ಲಿ 2:17) ನಿರೀಕ್ಷೆಯ ಬಾಗಿಲಾಗುತ್ತದೆ. ನಿರೀಕ್ಷೆಗೆ ಅಲ್ಲಿರುವ ಪದ ‘ತಿಕ್ವಾ’. ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ (ಯೆಹೋಶುವ 2:18) ಅದೇ ರೂಪದ ಪದವಿದೆ. ಆ ದಾರದಿಂದ ಪರಕೀಯಳೊಬ್ಬಳ ಮನೆಯವರೆಲ್ಲ ಉಳಿದರು. ಆಕೋರಿನಲ್ಲಿ ಇಸ್ರಯೇಲಿನವನೊಬ್ಬನ ಮನೆಯವರು ಅಳಿದರು. ಪ್ರವಾದಿಯು ಈ ನಂಟನ್ನು ಉದ್ದೇಶಿಸಿದನೆಂದು ಸಾಧಿಸಲಾಗದು; ಎರಡೂ ಗ್ರಂಥಗಳನ್ನು ಒಟ್ಟಿಗೆ ಓದುವ ಧರ್ಮಸಭೆಗೆ ಅದು ಕೇಳಿಸದಿರದು.

ಹೋಶೇಯನ ಮಕ್ಕಳ ಶಾಪದ ಹೆಸರುಗಳು ಅದೇ ಅಧ್ಯಾಯದಲ್ಲಿ ಮಾರ್ಪಡುತ್ತವೆ. ಕಣಿವೆಯ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಅಲ್ಲಿ ಸತ್ತವರ ನೆನಪನ್ನು ಅಳಿಸದೆಯೇ ದೇವರು ಬಾಗಿಲು ತೆರೆಯುತ್ತಾರೆ. ಆಕೋರನ್ನು ಮರೆಸಿ ನಿರೀಕ್ಷೆಯನ್ನಷ್ಟೇ ಸಾರುವ ಪ್ರಬೋಧನೆಯು ಪ್ರವಾದಿಯ ಮಾತಿನ ಅರ್ಧವನ್ನು ಬಿಟ್ಟುಬಿಡುತ್ತದೆ.