ಕುಂಟ, ಕುರುಡ ಮತ್ತು ತೋಟದ ಒಡೆಯ: ಯಹೂದ್ಯರ ಆತ್ಮವಿಚಾರಕ್ಕೊಂದು ಜೈನ ವಿಮರ್ಶೆ

ಅರಕಲಗೂಡು, ಹೊಳೆನರಸೀಪುರ, ಹಾಸನದ ಕಡೆಗಳಿಂದ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ಗೊಮ್ಮಟಸ್ವಾಮಿಯ ದರ್ಶನ ಮುಗಿಸಿ ಹಿಂದಿರುಗುತ್ತಾರೆ. ಎದುರಿನ ಚಿಕ್ಕಬೆಟ್ಟವನ್ನು ಹತ್ತುವವರು ಕಡಮೆ. ಹತ್ತಿದವರಲ್ಲಿ ಬಂಡೆಯ ಮೇಲಣ ಅಕ್ಷರಗಳನ್ನು ಬಾಗಿ ನೋಡುವವರು ಇನ್ನೂ ಕಡಮೆ. ಕ್ರಿ.ಶ. ಸುಮಾರು 600ರಿಂದ ಮೊದಲ್ಗೊಂಡು ಅಲ್ಲಿ ಕೆತ್ತಿರುವ ಶಾಸನಗಳಲ್ಲಿ ಅನೇಕವು ಸನ್ಯಸನವಿಧಿಯಿಂದ ದೇಹವನ್ನು ಬಿಟ್ಟವರನ್ನು ಕುರಿತವು. ಹಾಗೆ ಮುಡಿಪಿದವರು ಸುರಲೋಕವನ್ನು ಪಡೆದರೆಂದು ಅವು ಸಾಮಾನ್ಯವಾಗಿ ನುಡಿಯುತ್ತವೆಯೇ ಹೊರತು ಮೋಕ್ಷವನ್ನೇ ಪಡೆದರೆಂದು ಅಲ್ಲ. ಪಂಚಮಕಾಲದಲ್ಲಿ ಭರತಕ್ಷೇತ್ರದಿಂದ ನೇರವಾಗಿ ಮುಕ್ತಿಯಿಲ್ಲವೆಂಬ ಸಿದ್ಧಾಂತವನ್ನು ಕಲ್ಲುಕುಟಿಗನೂ ಮೀರಲಿಲ್ಲ.

ಎಲ್ಲ ಮತಗಳೂ ಆತ್ಮವು ಅಮರವೆಂದೇ ಸಾರುತ್ತವೆ ಎಂಬ ಮಾತು ವೇದಿಕೆಗಳ ಮೇಲೆ ಪದೇ ಪದೇ ಕೇಳಿಬರುತ್ತದೆ. ಅದು ಸೌಜನ್ಯದ ಮಾತು, ವಿಚಾರದ ಮಾತಲ್ಲ. ಮರಣಾನಂತರ ಉತ್ತರ ಹೇಳಬೇಕಾದವರು ಯಾರು, ಯಾರಿಗೆ ಎಂಬ ಪ್ರಶ್ನೆಯನ್ನಿಟ್ಟು ನೋಡಿದರೆ ಮತಗಳ ದಾರಿಗಳು ಬೇರೆಯಾಗುತ್ತವೆ. ಯಹೂದ್ಯ ಚಿಂತಕರ ಆತ್ಮವಿಚಾರವನ್ನು ಚಿಕ್ಕಬೆಟ್ಟದ ನಿಸಿಧಿಗಳ ಪಕ್ಕದಲ್ಲಿರಿಸಿದಾಗ ಈ ಭೇದ ನಿಚ್ಚಳವಾಗಿ ತೋರುತ್ತದೆ.

ಯಹೂದ್ಯರ ತಾಲ್ಮುದ್ ಗ್ರಂಥದಲ್ಲಿ ಒಂದು ದೃಷ್ಟಾಂತವುಂಟು. ಅರಸನೊಬ್ಬನು ತನ್ನ ಅಂಜೂರದ ತೋಟಕ್ಕೆ ಇಬ್ಬರು ಕಾವಲುಗಾರರನ್ನು ನೇಮಿಸಿದನು. ಒಬ್ಬ ಕುಂಟ, ಇನ್ನೊಬ್ಬ ಕುರುಡ. ಕುಂಟನು ಕುರುಡನ ಹೆಗಲೇರಿದನು, ಇಬ್ಬರೂ ಹಣ್ಣು ತಿಂದರು. ಒಡೆಯ ಬಂದು ಕೇಳಿದಾಗ ಒಬ್ಬನು ತನಗೆ ಕಾಲಿಲ್ಲವೆಂದನು, ಮತ್ತೊಬ್ಬನು ಕಣ್ಣಿಲ್ಲವೆಂದನು. ಅರಸನು ಕುಂಟನನ್ನು ಕುರುಡನ ಹೆಗಲ ಮೇಲೆ ಕೂರಿಸಿ ಇಬ್ಬರನ್ನೂ ಒಬ್ಬನೆಂಬಂತೆ ವಿಚಾರಿಸಿದನು. ದೇಹ ಮತ್ತು ಆತ್ಮಗಳ ಸ್ಥಿತಿಯೂ ಇಂಥದೇ. ಪಾಪ ಇಬ್ಬರದೂ ಆದುದರಿಂದ ದೇವರು ಇಬ್ಬರನ್ನೂ ಮರಳಿ ಕೂಡಿಸಿ ನ್ಯಾಯ ಹೇಳುತ್ತಾನೆ. ಮೃತರ ಪುನರುತ್ಥಾನವೆಂಬ ನಂಬಿಕೆಗೆ ಈ ಕಥೆ ಆಧಾರವಾಗಿ ನಿಲ್ಲುತ್ತದೆ.

ಇದೇ ಜೋಡಿ ಭಾರತದಲ್ಲಿಯೂ ಸಂಚರಿಸಿದೆ. ಸಾಂಖ್ಯರು ಅದನ್ನು ಪುರುಷ ಪ್ರಕೃತಿಗಳಿಗೆ ಅನ್ವಯಿಸಿದರು. ಅಕಲಂಕದೇವರು ತತ್ತ್ವಾರ್ಥರಾಜವಾರ್ತಿಕದ ಆರಂಭದಲ್ಲಿಯೇ ಕಾಡುಕಿಚ್ಚಿನಲ್ಲಿ ಸಿಕ್ಕ ಕುರುಡ ಕುಂಟರ ಮಾತೆತ್ತುತ್ತಾರೆ. ಓಡಬಲ್ಲ ಕುರುಡನೂ ಬೆಂದ, ನೋಡಬಲ್ಲ ಕುಂಟನೂ ಬೆಂದ. ಕೂಡಿದವರು ಮಾತ್ರ ಊರು ಸೇರಿದರು. ಅಲ್ಲಿ ಇಬ್ಬರೆಂದರೆ ದೇಹಾತ್ಮಗಳಲ್ಲ, ಜ್ಞಾನ ಮತ್ತು ಚಾರಿತ್ರಗಳು. ಯಹೂದ್ಯ ಗುರುವು ತೋಟದ ಒಡೆಯನನ್ನು ತಂದನು. ಅಕಲಂಕರ ಕಾಡಿಗೆ ಒಡೆಯನೇ ಇಲ್ಲ, ಬೆಂಕಿಯೊಂದಿದೆ. ಎರಡು ದರ್ಶನಗಳ ಅಂತರವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದರೂ ಸಲ್ಲುತ್ತದೆ.

ಹಾಗಾದರೆ ದೇಹ ಕೂಡಿ ಮಾಡಿದ ಕರ್ಮಕ್ಕೆ ಆತ್ಮವೊಂದೇ ಫಲ ಉಣ್ಣುವುದು ನ್ಯಾಯವೇ? ಪ್ರಶ್ನೆ ಹಗುರವಾದುದಲ್ಲ. ಜೈನರ ಉತ್ತರ ಕಾರ್ಮಣಶರೀರ. ಸ್ಥೂಲದೇಹ ಬೂದಿಯಾದರೂ ಅನಾದಿಯಿಂದ ಜೀವಕ್ಕಂಟಿದ ಸೂಕ್ಷ್ಮದೇಹ ಬಿಡುವುದಿಲ್ಲ. ಲೆಕ್ಕದ ಪುಸ್ತಕವನ್ನು ಜೀವವೇ ಹೊತ್ತು ನಡೆಯುತ್ತದೆ. ಯಹೂದ್ಯರಲ್ಲಿ ಪುನರುತ್ಥಾನವು ಮಾಡುವ ಕೆಲಸವನ್ನು ಇಲ್ಲಿ ಕಾರ್ಮಣಶರೀರವು ನ್ಯಾಯಾಧೀಶನಿಲ್ಲದೆ ಮಾಡುತ್ತದೆ.

ಯಹೂದ್ಯ ದಾರ್ಶನಿಕರಲ್ಲಿ ಸಾದಿಯಾ ಗಾವೋನ್ (882–942) ಪುನರ್ಜನ್ಮವನ್ನು ನೇರವಾಗಿ ಖಂಡಿಸಿದವನು. ಬಾಬಿಲೋನಿಯದ ಸೂರಾ ವಿದ್ಯಾಪೀಠದ ಅಧಿಪತಿಯಾಗಿದ್ದ ಈತನು 933ರಲ್ಲಿ ಅರಬ್ಬಿಯಲ್ಲಿ ರಚಿಸಿದ ನಂಬಿಕೆಗಳನ್ನು ಕುರಿತ ಮಹಾಗ್ರಂಥದ ಆರನೆಯ ಪ್ರಕರಣ ಆತ್ಮವಿಚಾರಕ್ಕೆ ಮೀಸಲು. ಎಂಟೇ ವರ್ಷಗಳ ತರುವಾಯ, 941ರಲ್ಲಿ, ಪಂಪನು ಆದಿಪುರಾಣದಲ್ಲಿ ಪುರುದೇವನ ಪೂರ್ವಭವಗಳನ್ನು ಕನ್ನಡಿಗರ ಮುಂದಿಟ್ಟನೆಂಬುದು ಕುತೂಹಲದ ಸಂಗತಿ. ಒಬ್ಬನು ಅಲ್ಲಗಳೆದುದೇ ಇನ್ನೊಬ್ಬನ ಕಾವ್ಯದ ಬೆನ್ನೆಲುಬು. ಸಾದಿಯಾನ ಆಕ್ಷೇಪದ ತಿರುಳು ಹೀಗೆ: ಕಷ್ಟವೆಲ್ಲವೂ ಹಿಂದಿನ ಜನ್ಮದ ಫಲವೆನ್ನುವುದಾದರೆ, ಮೊಟ್ಟಮೊದಲು ಸೃಷ್ಟಿಯಾದ ಆತ್ಮಕ್ಕೆ ದೇವರು ವಿಧಿನಿಷೇಧಗಳನ್ನು ಹೇರಿದಾಗ ಅದಕ್ಕೆ ಯಾವ ಹಿಂದಿನ ಜನ್ಮವಿತ್ತು? ತರ್ಕ ಚೂಪಾದುದೇ ಸರಿ. ಆದರೆ ಆತ್ಮಕ್ಕೆ ಆದಿಯುಂಟೆಂದು ಒಪ್ಪಿದವರಿಗೆ ಮಾತ್ರ ಅದು ನಾಟುತ್ತದೆ. ಜೀವವೂ ಕರ್ಮಬಂಧವೂ ಅನಾದಿಯೆನ್ನುವ ಜೈನರಲ್ಲಿ ‘ಮೊಟ್ಟಮೊದಲು’ ಎಂಬುದೇ ಇಲ್ಲ. ಆದರೂ ಶಿಶುವಿನ ನೋವನ್ನು ಕಂಡು ‘ಅದರ ಕರ್ಮ’ ಎಂದು ಸುಮ್ಮನಾಗುವ ಶ್ರಾವಕನು ಸಾದಿಯಾನನ್ನು ಓದತಕ್ಕದ್ದು. ಮಗುವಿನ ನೋವಿಗೆ ದೇವರು ಪರಿಹಾರ ಕೊಡಲೇಬೇಕೆಂಬ ಅವನ ಹಟದಲ್ಲಿ ಅನುಕಂಪವಿದೆ.

ಮೈಮೊನಿಡೀಸ್‌ (1138–1204) ಹೇಳುವ ಪರಲೋಕದಲ್ಲಿ ದೇಹವಿಲ್ಲ, ಅನ್ನಪಾನಗಳಿಲ್ಲ, ಜ್ಞಾನದ ಆನಂದವೊಂದೇ. ಪುನರುತ್ಥಾನವನ್ನೇ ಅಲ್ಲಗಳೆದನೆಂಬ ಅಪವಾದ ಬಂದುದರಿಂದ 1191ರಲ್ಲಿ ಪ್ರತ್ಯೇಕ ಪ್ರಬಂಧ ಬರೆದು ಸಮಜಾಯಿಷಿ ಕೊಡಬೇಕಾಯಿತು. ಸಿದ್ಧಶಿಲೆಯ ಬಳಿಗೆ ಇಷ್ಟು ಸಮೀಪ ಬಂದ ಯಹೂದ್ಯನು ಮತ್ತೊಬ್ಬನಿಲ್ಲವೆನ್ನಬಹುದು. ಆದರೆ ಅವನಲ್ಲಿ ಜ್ಞಾನವು ಗಳಿಸಿದ ಸಂಪತ್ತು, ಜೈನರಲ್ಲಿ ಆವರಣ ಸರಿದಾಗ ತೋರುವ ಸ್ವಭಾವ. ಕಬ್ಬಾಲಾ ಪಂಥದ ಅನುಭಾವಿಗಳು ಮುಂದೆ ‘ಗಿಲ್ಗುಲ್’ ಎಂಬ ಹೆಸರಿನಿಂದ ಪುನರ್ಜನ್ಮವನ್ನೇ ಒಪ್ಪಿದರು. ಸಾದಿಯಾ ಮುಚ್ಚಿದ ಬಾಗಿಲು ಅವನ ಜನರಲ್ಲಿಯೇ ತೆರೆಯಿತು.

ನಿಜವಾದ ಘರ್ಷಣೆ ಇರುವುದು ದೇಹದ ವಿಷಯದಲ್ಲಿ. ಯಹೂದ್ಯ ಧರ್ಮಶಾಸ್ತ್ರದಲ್ಲಿ ದೇಹವು ದೇವರ ಸ್ವತ್ತು, ಮನುಷ್ಯನು ಕಾವಲುಗಾರ, ಆತ್ಮಹತ್ಯೆ ನಿಷಿದ್ಧ. ಆ ಕಣ್ಣಿಗೆ ಚಿಕ್ಕಬೆಟ್ಟವು ದುಃಖದ ಬೆಟ್ಟವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ರಬ್ಬಿಗಳು ಪೂರ್ಣ ವಿವೇಕದಿಂದ ಮಾಡಿದುದನ್ನು ಮಾತ್ರ ಆತ್ಮಹತ್ಯೆಯೆಂದು ಎಣಿಸಿ, ಕಲಕಿದ ಚಿತ್ತದವನಿಗೆ ಅಂತ್ಯಗೌರವವನ್ನು ಉಳಿಸಿಕೊಟ್ಟರು. ತತ್ತ್ವಾರ್ಥಸೂತ್ರದಲ್ಲಿಯೂ ಚಿತ್ತಕ್ಕೇ ಪ್ರಾಧಾನ್ಯ, ಆದರೆ ದಿಕ್ಕು ವಿರುದ್ಧ: ಅಲ್ಲಿ ಕಲಕಿದ ಚಿತ್ತ ದೋಷವನ್ನು ಕಳೆಯುತ್ತದೆ, ಇಲ್ಲಿ ಅದೇ ದೋಷ. ಸಾವನ್ನು ಬಯಸುವುದೂ ಸಲ್ಲೇಖನೆಯ ಅತಿಚಾರಗಳಲ್ಲೊಂದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಬರುವ ವರ್ತಕನು ಮನೆಗೆ ಬೆಂಕಿ ಬಿದ್ದಾಗ ಮೊದಲು ಮನೆಯನ್ನೇ ಉಳಿಸಲೆತ್ನಿಸುತ್ತಾನೆ. ಆಗದಿದ್ದಾಗ ಒಳಗಿನ ಸರಕನ್ನು ಕಾಯುತ್ತಾನೆ. ಮನೆಯ ಮೇಲೆ ಅವನಿಗೆ ದ್ವೇಷವಿಲ್ಲ.

ಈ ಅಳತೆಗೋಲಿಗೆ ಕಠಿನವಾದ ಉದಾಹರಣೆ ಬೆಳಗೊಳದಲ್ಲಿಯೇ ಇದೆ. 1131ರಲ್ಲಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ದೇಹ ಬಿಟ್ಟಳು. ಸಮಂತಭದ್ರರು ಹೇಳಿದ ಉಪಸರ್ಗ, ದುರ್ಭಿಕ್ಷ, ಮುಪ್ಪು, ವಾಸಿಯಾಗದ ರೋಗ ಎಂಬ ಕಾರಣಗಳಲ್ಲಿ ಪುತ್ರೀಶೋಕಕ್ಕೆ ಎಡೆಯಿಲ್ಲ. ಮಾಚಿಕಬ್ಬೆಯನ್ನು ಬರಿಯ ಮಹಿಮೆಯ ಮಾತುಗಳಿಂದ ಸುತ್ತುವ ಬರಹಗಳು ಈ ತೊಡಕನ್ನು ದಾಟಿಬಿಡುತ್ತವೆ. ಶಾಸನ ಗುರುಗಳ ಸನ್ನಿಧಿಯನ್ನು ಹೇಳುತ್ತದೆ, ತಿಂಗಳ ಅವಧಿಯನ್ನು ಹೇಳುತ್ತದೆ. ಆ ಅವಧಿಯಲ್ಲಿ ಶೋಕವು ಶಮವಾಯಿತೇ ಎಂಬುದನ್ನು ಕಲ್ಲು ಹೇಳಲಾರದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಾಗ, ವಾದಿಸಿದವರ ಮುಂದಿದ್ದುದೂ ಚಿತ್ತದ ಪ್ರಶ್ನೆಯೇ.

ಕೊನೆಗೆ ಉಳಿದವರ ಮಾತು. ಯಹೂದ್ಯ ಮಗನು ತಂದೆತಾಯಿಗಳಿಗಾಗಿ ಹನ್ನೊಂದು ತಿಂಗಳು ‘ಕಡ್ಡಿಶ್’ ಪಠಿಸುತ್ತಾನೆ. ದುಷ್ಟರ ಶಿಕ್ಷೆ ಹನ್ನೆರಡು ತಿಂಗಳೆಂಬ ನಂಬಿಕೆಯಿರುವುದರಿಂದ, ಹೆತ್ತವರನ್ನು ದುಷ್ಟರೆಂದು ಎಣಿಸಬಾರದೆಂದು ಒಂದು ತಿಂಗಳನ್ನು ಬಿಡುತ್ತಾನೆ. ಆ ಪ್ರಾರ್ಥನೆಯಲ್ಲಿ ಸತ್ತವರ ಹೆಸರಿಲ್ಲ, ಸಾವಿನ ಮಾತಿಲ್ಲ, ದೇವರ ಸ್ತುತಿಯಷ್ಟೆ. ಆದರೂ ಅದು ಮೃತನಿಗೆ ನೆರವಾಗುವುದೆಂಬುದು ರೂಢಿ. ಒಬ್ಬರ ಕರ್ಮವನ್ನು ಇನ್ನೊಬ್ಬರು ಸವೆಯಿಸಲಾರರೆನ್ನುವ ಜೈನದರ್ಶನದಲ್ಲಿ ಅದಕ್ಕೆ ಸ್ಥಳವಿಲ್ಲ. ದಾನಶಾಸನಗಳಲ್ಲಿ ತಂದೆತಾಯಿಗಳ ಪುಣ್ಯಕ್ಕಾಗಿ ಎಂಬ ಮಾತು ಕಾಣುವುದುಂಟು. ಅದು ಸಿದ್ಧಾಂತಕ್ಕಿಂತ ಕರುಳಿಗೆ ಹತ್ತಿರ. ನಿಸಿಧಿಗಳು ಬಳಸುವ ಪದ ಇನ್ನೂ ಎಚ್ಚರದ್ದು. ಕಲ್ಲನ್ನು ನಿಲ್ಲಿಸಿದುದು ಪರೋಕ್ಷವಿನಯಕ್ಕಾಗಿ, ಎಂದರೆ ಕಣ್ಣಿಗೆ ಕಾಣದಾದವರಿಗೆ ಸಲ್ಲಿಸುವ ವಿನಯಕ್ಕಾಗಿ. ಗಂಗರಾಜನು ತಾಯಿ ಪೋಚವ್ವೆಗಾಗಿ ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿಯನ್ನು ಕಟ್ಟಿಸಿದನು. ಆಕೆ ಸಮಾಧಿಮರಣ ಹೊಂದಿದ ಮೇಲೆ ನಿಸಿಧಿಯನ್ನು ನಿಲ್ಲಿಸಿದನು. ಬಸದಿಯಲ್ಲಿ ಆಕೆ ಕೈಮುಗಿದಿರಬಹುದು; ನಿಸಿಧಿಯ ಮುಂದೆ ಕೈಮುಗಿದವನು ಮಗ.